ಲಾರ್ಡ್ ಹೌ ದ್ವೀಪ: ಯಾವಾಗ ಹೋಗಬೇಕು, ಏನು ನೋಡಬೇಕು?

ಪ್ರಶ್ನೆ: ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪಕ್ಕೆ ಹೋಗುವ ಆಸೆಯಿದೆ. ಕಾಡು, ಪ್ರಾಣಿ, ಪಕ್ಷಿ ನೋಡಬೇಕು. ಯಾವ ತಿಂಗಳು ಒಳ್ಳೆಯದು? ಏನನ್ನು ತಪ್ಪಿಸಿಕೊಳ್ಳಬಾರದು?

ಉತ್ತರ: ಮಾರ್ಚ್ ಕೊನೆ ಅಥವಾ ಏಪ್ರಿಲ್. ಅಲ್ಲಿ ಆಗ ಬೇಸಿಗೆ ಮುಗಿದಿರುತ್ತದೆ, ಆದರೆ ಬೇಸಿಗೆಯ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ. ಚಳಿಗಾಲದ ಹಕ್ಕಿಗಳು ಆಗಲೇ ಬಂದಿರುತ್ತವೆ. ಸಮುದ್ರದ ನೀರೂ ಬೆಚ್ಚಗಿರುತ್ತದೆ. ಮೊದಲೇ ಜಾಗ ಕಾದಿರಿಸಿ, ಯಾಕೆಂದರೆ ಒಂದು ಸಲಕ್ಕೆ 400 ಪ್ರವಾಸಿಗರಿಗಷ್ಟೇ ಅವಕಾಶ.

ಪ್ರಾಣಿಗಳ ಆಸೆ ಇಟ್ಟುಕೊಳ್ಳಬೇಡಿ. ಬಾವಲಿ ಬಿಟ್ಟರೆ ಈ ದ್ವೀಪದ ಮೂಲ ಸಸ್ತನಿ ಬೇರೆ ಯಾವುದೂ ಇಲ್ಲ. ಹಕ್ಕಿಗಳ ಮಜಾ ಇರುವುದೂ ಅದರಿಂದಲೇ. ನೆಲದ ಮೇಲೆ ಬೇಟೆಯಾಡುವ ಪ್ರಾಣಿಯೇ ಇಲ್ಲದ ಕಡೆ ಬೆಳೆದವುಗಳಿಗೆ ಮನುಷ್ಯನನ್ನು ಕಂಡರೆ ಭಯವೇ ಇಲ್ಲ.

ಇದನ್ನು ನೋಡಬೇಕೆಂದರೆ ಮೌಂಟ್ ಗೋವರ್ ಹತ್ತಬೇಕು. ಎತ್ತರ 875 ಮೀಟರ್. ಪರವಾನಗಿ ಇರುವ ಗೈಡ್ ಜೊತೆಗೇ ಹೋಗಬೇಕು, ಹೋಗಿ ಬರಲು ಎಂಟು ಗಂಟೆ ಹಿಡಿಯುತ್ತದೆ. ಒಂದು ಕಡೆ ಸಮುದ್ರದ ಮೇಲಿನ ಕಡಿದಾದ ಬಂಡೆಯ ಅಂಚಿನಲ್ಲಿ ಹಗ್ಗ ಹಿಡಿದು ನಡೆಯಬೇಕು, ಎತ್ತರ ಕಂಡರೆ ತಲೆ ತಿರುಗುವವರು ಯೋಚಿಸಿ. ಮೇಲೆ ಮಂಜು, ಪಾಚಿ ಹೊದ್ದ ಗಿಡ್ಡ ಮರಗಳು. ಅಲ್ಲಿ ನಿಂತು ಜೋರಾಗಿ ಕೂಗು ಹಾಕಿದರೆ ಆಕಾಶದಲ್ಲಿ ಸುತ್ತುತ್ತಿರುವ ಪ್ರಾವಿಡೆನ್ಸ್ ಪೆಟ್ರೆಲ್ ಎಂಬ ಕಡಲ ಹಕ್ಕಿಗಳು ಕೊಂಬೆಗಳ ನಡುವೆ ದೊಪ್ಪನೆ ಬಂದು ಬೀಳುತ್ತವೆ. ಎದ್ದು, ತಡವರಿಸುತ್ತಾ ನಿಮ್ಮ ಕಾಲಿನ ಹತ್ತಿರವೇ ಬರುತ್ತವೆ. ಕೂಗಿದ್ದು ಯಾರು ಅಂತ ನೋಡುವ ಕುತೂಹಲವೋ ಏನೋ! ನನ್ನ ಮಟ್ಟಿಗೆ ಈ ಒಂದು ನೋಟಕ್ಕೇ ಅಷ್ಟು ದೂರ ಹೋಗಬಹುದು. ಇದೇ ನಂಬಿಕೆ ಅವಕ್ಕೆ ಮುಳುವಾಗಿದ್ದೂ ಇದೆ. 1790ರಲ್ಲಿ, ಬ್ರಿಟಿಷರು ಕೈದಿಗಳನ್ನು ಇಟ್ಟಿದ್ದ ನಾರ್ಫೋಕ್ ದ್ವೀಪದಲ್ಲಿ ಹಸಿದಿದ್ದ ಕೈದಿಗಳು, ಸೈನಿಕರು ಇವನ್ನೇ ಹಿಡಿದು ತಿಂದು ಬದುಕಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಇವುಗಳ ಸಂತತಿಯೇ ಮುಗಿಯಿತು.

ಲಾರ್ಡ್ ಹೌನಲ್ಲಿ ಹಾಳು ಮಾಡಿದ್ದು ಇಲಿ. 1918ರಲ್ಲಿ ಮಕಾಂಬೊ ಎಂಬ ಹಡಗು ಇಲ್ಲಿ ನೆಲಕ್ಕೆ ತಗುಲಿ ನಿಂತಾಗ ಇಲಿಗಳು ದಡ ಸೇರಿದವು. ಐದು ಜಾತಿಯ ಹಕ್ಕಿಗಳು ಪೂರ್ತಿ ನಾಶವಾದವು. ಹಾರಲು ಬಾರದ ಕಂದು ಬಣ್ಣದ ವುಡ್‌ಹೆನ್ ಹೇಗೋ ಉಳಿಯಿತು. ಅದಕ್ಕೆ ಹಂದಿ, ಬೆಕ್ಕುಗಳ ಕಾಟವೂ ಇತ್ತು, 1970ರ ದಶಕದ ಹೊತ್ತಿಗೆ ಉಳಿದದ್ದು ಬರೀ ಇಪ್ಪತ್ತು ಮೂವತ್ತು. ಆಮೇಲೆ ಸಾಕಿ, ಮರಿ ಮಾಡಿಸಿ ಬಿಟ್ಟರು. 2019ರಲ್ಲಿ ದ್ವೀಪದ ತುಂಬಾ ಇಲಿಗಳಿಗೆ ವಿಷ ಇಟ್ಟರು. ಈಗ ವುಡ್‌ಹೆನ್ ಹುಡುಕಿಕೊಂಡು ಹೋಗಬೇಕಾಗಿಲ್ಲ, ದಾರಿ ಬದಿಯಲ್ಲೇ ಒಣಗಿದ ಎಲೆ ಕೆದಕುತ್ತಾ ಸಿಗುತ್ತದೆ.

ಬೆಟ್ಟ ಹತ್ತಲಾಗದವರಿಗೆ ನೆಡ್ಸ್ ಬೀಚ್ ಇದೆ. ಮೊಣಕಾಲುದ್ದ ನೀರಿಗೆ ಇಳಿದರೆ ಸಾಕು, ಮೀನುಗಳು ಸುತ್ತಿಕೊಳ್ಳುತ್ತವೆ. ಸಂಜೆಯವರೆಗೂ ಅಲ್ಲೇ ಕಾಯಿರಿ. ಕತ್ತಲಾಗುತ್ತಿದ್ದಂತೆ ಶಿಯರ್‌ವಾಟರ್ ಎಂಬ ಕಡಲ ಹಕ್ಕಿಗಳು ಸಮುದ್ರದಿಂದ ವಾಪಸ್ ಬಂದು ತಾಳೆ ಮರಗಳ ಕೆಳಗಿನ ಬಿಲಗಳಿಗೆ ನುಗ್ಗುತ್ತವೆ. ಸೊಗಸಾಗಿ ಹಾರುತ್ತವೆ, ಇಳಿಯೋದು ಮಾತ್ರ ಬರೋದಿಲ್ಲ! ಬಿಲಗಳ ಮೇಲೆ ಕಾಲಿಡಬೇಡಿ, ಒಳಗೆ ಮರಿ ಇರುತ್ತದೆ.

ಪಶ್ಚಿಮದ ಲಗೂನ್‌ನಲ್ಲಿ ಹವಳದ ದಿಬ್ಬಗಳಿವೆ. ಚೆನ್ನಾಗಿವೆ, ಆದರೆ ಹವಳವನ್ನು ಬೇರೆ ಕಡೆಯೂ ನೋಡಬಹುದು, ಅಲ್ವಾ? ದೋಣಿ ಸಿಕ್ಕಿದರೆ 23 ಕಿಲೋಮೀಟರ್ ದೂರದ ಬಾಲ್ಸ್ ಪಿರಮಿಡ್ ಸುತ್ತಿ ಬನ್ನಿ. ಸಮುದ್ರದಿಂದ ನೇರ 550 ಮೀಟರ್‌ಗೂ ಎತ್ತರ ಎದ್ದ ಬಂಡೆ ಅದು. ಇಲಿಗಳಿಂದಾಗಿ ಅಳಿದೇ ಹೋಯಿತು ಎಂದುಕೊಂಡಿದ್ದ ಅಂಗೈ ಉದ್ದದ ಕಡ್ಡಿಹುಳ 2001ರಲ್ಲಿ ಸಿಕ್ಕಿದ್ದು ಅಲ್ಲಿನ ಒಂದು ಪೊದೆಯಲ್ಲಿ. ಹುಳ ನಿಮಗೆ ದೋಣಿಯಿಂದ ಕಾಣುವುದಿಲ್ಲ, ಬಂಡೆ ನೋಡಿದರೇ ಸಾಕು. ಸಮುದ್ರ ಒರಟಾಗಿದ್ದರೆ ದೋಣಿ ಹೊರಡುವುದಿಲ್ಲ. ಗೋವರ್ ಚಾರಣವೂ ಮಳೆ ಬಂದರೆ ಮುಂದೆ ಹೋಗುತ್ತದೆ. ಹಾಗಾಗಿ ಎರಡನ್ನೂ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ, ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರಲಿ.