ಕಷಾಯ ಕುಡಿದರೆ ಸ್ವರ ಸರಿಹೋಗುತ್ತಾ?

ಮಲೆನಾಡಿನಲ್ಲಿ ಹಾಡುವವರ ಗಂಟಲು ಕಟ್ಟಿತು ಅಂದರೆ ಮೊದಲು ಒಲೆ ಏರುವುದು ಕಷಾಯ. ಕಾಳುಮೆಣಸು, ಜೀರಿಗೆ, ಜ್ಯೇಷ್ಠಮಧು, ಮೇಲೊಂದು ಚಮಚ ಜೇನು. ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಅದು ಇಳಿಯುವುದು ಅನ್ನನಾಳಕ್ಕೆ. ಸ್ವರ ಹುಟ್ಟುವುದು ಶ್ವಾಸನಾಳದ ಬಾಯಲ್ಲಿರುವ ಧ್ವನಿತಂತುಗಳಲ್ಲಿ. ಅಲ್ಲಿಗೆ ಒಂದು ಹನಿ ಜಾರಿದರೂ ಕೆಮ್ಮು ಒತ್ತರಿಸಿ ಬರುತ್ತದೆ ಅಲ್ವಾ? ಕಷಾಯದಿಂದ ಗಂಟಲಿಗೆ ಹಿತ, ನಿಜ. ಧ್ವನಿತಂತುಗಳನ್ನು ಅದು ಮುಟ್ಟುವುದೇ ಇಲ್ಲ.

ಅವುಗಳಿಗೆ ಬೇಕಾದದ್ದು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿದ ನೀರು ಮತ್ತು ಬಿಡುವು. ಯಾಕೆಂದರೆ ಅವುಗಳ ದುಡಿಮೆ ಸಣ್ಣದಲ್ಲ. ಮಾತಾಡುವಾಗಲೇ ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು, ಹೆಂಗಸರಲ್ಲಿ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಯಕ್ಷಗಾನದಲ್ಲಿ ಹಾಡುವ ಭಾಗವತರೊಬ್ಬರು ಕಪ್ಪು ಎರಡರ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ) ಶ್ರುತಿಯಲ್ಲಿ ಮೇಲಿನ ಷಡ್ಜ ಹಿಡಿದರೆ ಸುಮಾರು 310 ಸಲ!

ಮಳೆಗಾಲದ ತಾಳಮದ್ದಳೆ ನೋಡಿ. ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಚೆಂಡೆ. ತನ್ನ ಸ್ವರ ತನಗೇ ಕೇಳದಿದ್ದರೆ ಯಾರಾದರೂ ಅರಿವಿಲ್ಲದೆ ಒತ್ತಿ ಹಾಡುತ್ತಾರೆ. ಗಂಟಲು ಹಾಳಾಗುವುದು ಶ್ರುತಿಗಿಂತ ಹೆಚ್ಚಾಗಿ ಈ ಒತ್ತಡದಿಂದ. ಹಾಡುವವರ ಕಡೆಗೆ ತಿರುಗಿಸಿದ ಒಂದು ಸಣ್ಣ ಸ್ಪೀಕರ್ ಇಟ್ಟರೆ ಎಷ್ಟೋ ಉಪಕಾರ.

ಮರುದಿನ ಸ್ವರ ಬಿದ್ದಿದೆ ಎಂದು ಪಿಸುಗುಟ್ಟುವವರು ಬಹಳ. ಅದು ವಿಶ್ರಾಂತಿಯಲ್ಲ, ಎಷ್ಟೋ ಜನ ಪಿಸುಗುಟ್ಟುವಾಗ ಗಂಟಲನ್ನು ಇನ್ನೂ ಹಿಂಡುತ್ತಾರೆ. ಮೆಲ್ಲಗೆ ಮಾತಾಡಿ, ಇಲ್ಲವೇ ಸುಮ್ನಿರಿ. ನಾನು ಹೇಳಿಕೊಡುವ ಒಂದು ಅಭ್ಯಾಸವಿದೆ. ಲೋಟದಲ್ಲಿ ಅರ್ಧ ನೀರು, ಅದರೊಳಗೆ ಎರಡು ಬೆರಳಿನಷ್ಟು ಮುಳುಗುವಂತೆ ಸ್ಟ್ರಾ. ತುಟಿ ಬಿಗಿಹಿಡಿದು 'ಊ' ಎನ್ನುತ್ತಾ ಗುಳ್ಳೆ ಬಿಡಿ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಸ್ವರ ಜಾರಿಸಿ. ಎರಡು ನಿಮಿಷ ಸಾಕು. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಬೆಳಿಗ್ಗೆ ಮಾತ್ರ ಸ್ವರ ಒರಟಾಗಿದ್ದು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸಿದರೆ ಕಫವೆಂದು ಕ್ಯಾಕರಿಸಬೇಡಿ. ಯಕ್ಷಗಾನದ ಆಟ ಮುಗಿಸಿ, ಊಟ ಮಾಡಿ ತಕ್ಷಣ ಮಲಗುವವರಲ್ಲಿ ಹೊಟ್ಟೆಯ ಹುಳಿ ಗಂಟಲಿಗೆ ಏರುವುದು ಸಾಮಾನ್ಯ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ ಬೇಕು.

ಇನ್ನು ಕವಳ, ಅಂದರೆ ಎಲೆಅಡಿಕೆ. ಅಡಿಕೆ ಸೀಮೆಯಲ್ಲಿ ಕೂತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ವರ್ಷಗಟ್ಟಲೆ ಅಗಿದರೆ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗಬಹುದು. ಬಾಯಿ ತೆರೆಯದೆ 'ಆ'ಕಾರ ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಸ್ವರ ಒಡೆದಿರುವಾಗ ಆಸ್ಪಿರಿನ್ ನುಂಗಿ ವೇದಿಕೆ ಹತ್ತಬೇಡಿ, ಊದಿದ ಧ್ವನಿತಂತುವಿನೊಳಗೆ ರಕ್ತ ಒಸರುವ ಅಪಾಯ ಜಾಸ್ತಿ. ಹೃದಯಕ್ಕೆಂದು ವೈದ್ಯರು ಕೊಟ್ಟಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಹಾಡುತ್ತಿರುವಾಗಲೇ ಸ್ವರ ಥಟ್ಟನೆ ನಿಂತರೆ ಅಲ್ಲಿಗೇ ಬಿಟ್ಟು ಬೇಗ ಇಎನ್‌ಟಿ ವೈದ್ಯರಿಗೆ ತೋರಿಸಿ. ಗಂಟಲು ಕಟ್ಟಿ ಮೂರು ವಾರ ದಾಟಿದರೂ ಅಷ್ಟೇ, ಕ್ಯಾಮೆರಾ ಇಳಿಸಿ ನೋಡಲೇಬೇಕು. ಧ್ವನಿತಂತುವಿನಲ್ಲಿ ಗಂಟು ಕಂಡರೆ ಆಪರೇಷನ್ನೇ ಗತಿ ಎಂದು ಹೆದರಬೇಡಿ. ಹಾಡುವವರ ಗಂಟುಗಳಲ್ಲಿ ಬಹುಪಾಲು ಧ್ವನಿ ಚಿಕಿತ್ಸೆಯಲ್ಲೇ ಕರಗುತ್ತವೆ.