ಬಿಸಿಲಿನ ಲೆಕ್ಕ: ಸೈನ್ ಹಾಕಬೇಕಾ, ಕೊಸೈನ್ ಹಾಕಬೇಕಾ?

ಭೂಮಿ ಉರುಟು. ಹಾಗಾಗಿ ಬಿಸಿಲು ಎಲ್ಲ ಕಡೆ ಒಂದೇ ಕೋನದಲ್ಲಿ ಬೀಳುವುದಿಲ್ಲ. ಓರೆಯಾಗಿ ಬಿದ್ದಷ್ಟೂ ಅದೇ ಬಿಸಿಲು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಇಷ್ಟು ಸುಲಭ. ನಾನು ಎರಡು ದಿನ ಒದ್ದಾಡಿದ್ದು, ಓರೆಯಾದಾಗ ಬಿಸಿಲು ಎಷ್ಟು ಪಾಲು ಉಳಿಯುತ್ತದೆ ಅನ್ನುವ ಲೆಕ್ಕದಲ್ಲಿ.

ಒಂದು ಪುಸ್ತಕದಲ್ಲಿ ಸೈನ್ ಇತ್ತು, ಇನ್ನೊಂದರಲ್ಲಿ ಕೊಸೈನ್. ಎರಡೂ ಸರಿ! ಕೋನವನ್ನು ಎಲ್ಲಿಂದ ಅಳೆದಿದ್ದಾರೆ ಅಂತ ಮೊದಲು ನೋಡಿ. ದಿಗಂತದಿಂದ ಅಳೆದರೆ ಸೈನ್, ನೆತ್ತಿಯಿಂದ ಅಳೆದರೆ ಕೊಸೈನ್.

ನಮ್ಮ ಕಾಸರಗೋಡನ್ನೇ ತೆಗೆದುಕೊಳ್ಳೋಣ. ಅಕ್ಷಾಂಶ 12.5 ಡಿಗ್ರಿ ಉತ್ತರ. ಡಿಸೆಂಬರ್ 22ರ ಹೊತ್ತಿಗೆ ಸೂರ್ಯ 23.5 ಡಿಗ್ರಿ ದಕ್ಷಿಣದಲ್ಲಿ ನೆತ್ತಿಯ ಮೇಲಿರುತ್ತಾನೆ. ನಾವು ಸಮಭಾಜಕದ ಈಚೆ, ಅವನು ಆಚೆ. ಹಾಗಾಗಿ ಕೂಡಿಸಬೇಕು: 36. ಅಂದರೆ ನಡುಮಧ್ಯಾಹ್ನದಲ್ಲೂ ಸೂರ್ಯ ನಮ್ಮ ನೆತ್ತಿಯಿಂದ 36 ಡಿಗ್ರಿ ಕೆಳಗೆ, ದಿಗಂತದಿಂದ 54 ಡಿಗ್ರಿ ಮೇಲೆ. ಕೊಸೈನ್ 36 ಮಾಡಿದರೂ ಸೈನ್ 54 ಮಾಡಿದರೂ ಉತ್ತರ 0.81. ಅಂದರೆ ಸೂರ್ಯ ನೆತ್ತಿಯ ಮೇಲಿದ್ದಾಗ ಅದೇ ಜಾಗಕ್ಕೆ ಬೀಳುವ ಬಿಸಿಲಿನ 0.81 ಪಾಲು.

ಕಾಗದದಲ್ಲಿ ನೋಡಿ ನನಗೆ ಸಮಾಧಾನ ಆಗಲಿಲ್ಲ. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಅದರ ಪಕ್ಕದಲ್ಲೇ 30 ಸೆಂಟಿಮೀಟರಿನ ಚೌಕ ರಟ್ಟು ಹಿಡಿದು ಕೂತೆ. ಹೊತ್ತು 12 ಗಂಟೆ ಅಲ್ಲ, 12.30. ನಾವಿರುವುದು 75 ಡಿಗ್ರಿ ರೇಖಾಂಶದಲ್ಲಿ, ಗಡಿಯಾರ ಮಾತ್ರ ಇಡೀ ಭಾರತಕ್ಕೆ ಒಂದೇ, 82.5 ಡಿಗ್ರಿಯದು. ಡಿಗ್ರಿಗೆ 4 ನಿಮಿಷದ ಹಾಗೆ ಅರ್ಧ ಗಂಟೆ ತಡ, ಅಲ್ವಾ? ರಟ್ಟಿನ ನಡುವೆ ಒಂದು ಗುಂಡುಪಿನ್ನು ನೆಟ್ಟಗೆ ಚುಚ್ಚಿದೆ. ಕೆಳಗಿನ ಅಂಚು ನೆಲಕ್ಕೆ ತಾಗಿಸಿ, ಪಿನ್ನಿನ ನೆರಳು ಪೂರ್ತಿ ಮಾಯವಾಗುವವರೆಗೆ ರಟ್ಟನ್ನು ವಾಲಿಸಿದೆ. ಈಗ ರಟ್ಟು ಸೂರ್ಯನಿಗೆ ನೇರ ಮುಖ ಮಾಡಿದೆ. ನೆಲದ ಮೇಲೆ ಅದರ ನೆರಳು ಅಳೆದೆ: ಹತ್ತಿರ ಹತ್ತಿರ 37 ಸೆಂಟಿಮೀಟರ್. ರಟ್ಟು ತಡೆದ 30 ಸೆಂಟಿಮೀಟರ್ ಬಿಸಿಲು ನೆಲದಲ್ಲಿ 37ಕ್ಕೆ ಹರಡುತ್ತಿತ್ತು! 30 ಭಾಗಿಸು 37, ಅದೇ 0.81. ಅಲ್ಲಿಗೆ ನನ್ನ ಗೊಂದಲ ಬಗೆಹರಿಯಿತು.

ಲಂಡನ್ನಿಗೆ ಅದೇ ದಿನ 51.5ಕ್ಕೆ 23.5 ಕೂಡಿಸಿದರೆ 75. ಕೊಸೈನ್ ಬರೀ 0.26.

ಜೂನ್ 21ಕ್ಕೆ ಸೂರ್ಯ ನಮ್ಮ ಕಡೆಗೇ ಬಂದಿರುವುದರಿಂದ ಕಳೆಯಬೇಕು: 11 ಡಿಗ್ರಿ, ಕೊಸೈನ್ 0.98. ಆದರೆ ಆಗ ಇಲ್ಲಿ ಮಳೆಗಾಲ, ಮೋಡ ಜಾಸ್ತಿ. ಈ ಲೆಕ್ಕ ಮೋಡದ ಮೇಲಿನದು, ಅಂಗಳಕ್ಕೆ ಬರುವ ಬಿಸಿಲಿನದಲ್ಲ.

ಸೂರ್ಯ ಎಷ್ಟು ದೂರ ಅನ್ನುವ ವಿಷಯ ಪರೀಕ್ಷೆಯಲ್ಲಿ ಎಡವಿಸುತ್ತದೆ. ಭೂಮಿ ಸೂರ್ಯನಿಗೆ ಹತ್ತಿರ ಇರುವುದು ಜನವರಿಯಲ್ಲಿ, 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ 15.2 ಕೋಟಿ. ಇದರಿಂದ ಬಿಸಿಲಿನಲ್ಲಿ ಸುಮಾರು 7 ಶೇಕಡಾ ವ್ಯತ್ಯಾಸ ಮಾತ್ರ.

ಏಪ್ರಿಲ್ 23ರ ಆಸುಪಾಸು ನಮಗೆ ಕೋನ ಸೊನ್ನೆ. ಆ ಮಧ್ಯಾಹ್ನ ರಟ್ಟನ್ನು ಸುಮ್ನೆ ನೆಲದಲ್ಲಿ ಮಲಗಿಸಿದರೆ ಸಾಕು, ಪಿನ್ನಿಗೆ ನೆರಳೇ ಇರುವುದಿಲ್ಲ.