ಕ್ಲಾಸಿನ ಮಧ್ಯೆ ಒಂದು ಪ್ರಶ್ನೆ

ಡಿಜಿಟಲ್ ಪಾಠ ಅಂದ ಕೂಡಲೇ ನಮ್ಮ ಅಧ್ಯಾಪಕರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸ್ಲೈಡುಗಳನ್ನೂ ಗಂಟೆಗಟ್ಟಲೆ ರೆಕಾರ್ಡಿಂಗನ್ನೂ ಮೂಡಲ್‌ನಂಥ ಆನ್‌ಲೈನ್ ಪಾಠದ ವ್ಯವಸ್ಥೆಗೆ ಏರಿಸಿಬಿಡುವುದು. ಕ್ಲಾಸ್ ತಪ್ಪಿದವರಿಗೆ ಅನುಕೂಲ, ಬೇಡ ಅನ್ನುವುದಿಲ್ಲ. ಆದರೆ ಇಡೀ ರೆಕಾರ್ಡಿಂಗ್ ಯಾರು ನೋಡುತ್ತಾರೆ? ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ 6 ನಿಮಿಷ.

ನನ್ನ ಕೇಳಿದರೆ, ಈ ವ್ಯವಸ್ಥೆಗಳಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳಿ, ಮೊಬೈಲಿನಲ್ಲೇ ಉತ್ತರ ಪಡೆಯುವ ಸೌಲಭ್ಯ. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮವನ್ನೇ ನೋಡಿ. ಲಾರಿಯೊಂದು ಚಿಕ್ಕ ಕಾರಿಗೆ ಗುದ್ದಿತು. ಯಾವುದರ ಮೇಲೆ ಬಿದ್ದ ಬಲ ಜಾಸ್ತಿ? ನ್ಯೂಟನ್ನನ ಮೂರನೇ ನಿಯಮವನ್ನು ಬಾಯಿಪಾಠ ಒಪ್ಪಿಸುವವರೂ 'ಕಾರಿನ ಮೇಲೆ' ಎಂದು ಒತ್ತುತ್ತಾರೆ. ಎರಡರ ಮೇಲೂ ಬಲ ಸಮ. ಉತ್ತರವನ್ನು ತಕ್ಷಣ ಹೇಳಬೇಡಿ. ಶೇ. 30ಕ್ಕಿಂತ ಕಡಿಮೆ ಜನ ಸರಿ ಹೇಳಿದ್ದರೆ ಪಾಠವನ್ನೇ ಮತ್ತೆ ಮಾಡಬೇಕು. ಶೇ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು. ನಡುವೆ ಬಂದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು, ಇನ್ನೊಮ್ಮೆ ಉತ್ತರ ಕೇಳಿ. ಆ ಎರಡು ನಿಮಿಷದ ಗಲಾಟೆಯಲ್ಲೇ ಕಲಿಕೆ ನಡೆಯುವುದು.

ಇದಕ್ಕೆ ಮೊಬೈಲ್ ಯಾಕೆ, ಕೈ ಎತ್ತಿಸಿದರೆ ಸಾಲದೇ? ಸಾಲದು. ಕೈ ಎತ್ತುವ ಮೊದಲು ಎಲ್ಲರೂ ಮುಂದಿನ ಬೆಂಚಿನ ಜಾಣರನ್ನು ನೋಡುತ್ತಾರೆ, ಅಲ್ವಾ? ಫೋನಿನಲ್ಲಿ ಒತ್ತಿದ ಉತ್ತರ ಪಕ್ಕದವರಿಗೆ ಕಾಣುವುದಿಲ್ಲ, ಹಾಗಾಗಿ ಸಂಕೋಚವೂ ಇಲ್ಲ. ಯಾವ ತಪ್ಪು ಉತ್ತರಕ್ಕೆ ಎಷ್ಟು ಜನ ಬಿದ್ದರು ಎಂಬುದೂ ಆಗಲೇ ಗೊತ್ತಾಗುತ್ತದೆ.

ಕ್ಲಾಸಿನ ಹೊರಗೂ ಕ್ವಿಜ್ ಉಪಯೋಗಕ್ಕೆ ಬರುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಲ್ಲಿ ಉಳಿದದ್ದು ಸುಮಾರು ಶೇ. 40, ಬರೆದವರಲ್ಲಿ ಶೇ. 61.

ಒಂದು ತೊಡಕಿದೆ. ವಿದ್ಯಾರ್ಥಿಗಳಿಗೆ ಇದು ಮೊದಮೊದಲು ಇಷ್ಟವಾಗುವುದಿಲ್ಲ. ಹಾರ್ವರ್ಡ್‌ನಲ್ಲೇ ನಡೆದ 2019ರ ಅಧ್ಯಯನದಲ್ಲಿ, ತಾವೇ ತಲೆ ಕೆಡಿಸಿಕೊಂಡು ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು. ಆದರೂ ಒಳ್ಳೆಯ ಉಪನ್ಯಾಸ ಕೇಳಿದವರಿಗಿಂತ ತಮಗೆ ಕಡಿಮೆ ಅರ್ಥವಾಯಿತು ಅಂದುಕೊಂಡಿದ್ದರು. ಹಾಗಾಗಿ ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ನೋಡಿ ಎದೆಗುಂದಬೇಡಿ. ಯಾಕೆ ಹೀಗೆ ಕಲಿಸುತ್ತಿದ್ದೀರಿ ಎಂದು ಮೊದಲ ವಾರವೇ ಹೇಳಿಬಿಡಿ.

ಕ್ವಿಜ್‌ಗೆ ಅಂಕ ಇಡುವುದಾದರೆ ತೀರಾ ಕಡಿಮೆ ಇಡಿ, ಮತ್ತೆ ಪ್ರಯತ್ನಿಸಲು ಅವಕಾಶ ಕೊಡಿ. ಅಂಕ ಜಾಸ್ತಿಯಾದರೆ ಉತ್ತರಗಳು ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತವೆ, ಅಷ್ಟೇ. ಶುರುವಿಗೆ ಒಂದು ಕ್ಲಾಸಿಗೆ ಒಂದೇ ಪ್ರಶ್ನೆ ಸಾಕು. ಅದರ ತಪ್ಪು ಆಯ್ಕೆಗಳನ್ನು ಸುಮ್ನೆ ಕೂತು ಕಲ್ಪಿಸಬೇಡಿ. ಹೋದ ವರ್ಷದ ಉತ್ತರ ಪತ್ರಿಕೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.